ಕಬ್ಬಿಣದ ಭಿಕ್ಷೆ ಮತ್ತು ಕರೆಯ ಪದ

ಸಿದ್ಧಯ್ಯಸ್ವಾಮಿಯನ್ನು ಬರಹೇಳುವ ನೀಲಗಾರರ ಪದವನ್ನು ಕೇಳದ ಕನ್ನಡಿಗರು ವಿರಳ. ಶಾಲೆಯ ವಾರ್ಷಿಕೋತ್ಸವದಿಂದ ನಗರದ ರಂಗಮಂದಿರದವರೆಗೆ ಅದು ಹಬ್ಬಿದೆ. ಈ ಜನಪ್ರಿಯತೆಗೆ ಧಾಟಿ ಮತ್ತು ದಮ್ಮಡಿಯ ಗತ್ತು ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ಅಷ್ಟೇ ಸೊಗಸಾದ ಧಾಟಿಯ ಎಷ್ಟೋ ಪದಗಳು ಮರೆಗೆ ಸಂದದ್ದೇಕೆ ಎಂಬ ಪ್ರಶ್ನೆಗೆ ಇದು ಉತ್ತರವಾಗದು. ಆ ಉತ್ತರವನ್ನು ಪದದ ಹಿಂದಿರುವ ಕಥೆಯಲ್ಲಿ, ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಅರಸಬೇಕು.

ಮಂಟೇಸ್ವಾಮಿ ಕಾವ್ಯದ ಸಿದ್ಧಪ್ಪಾಜಿ ಮೊದಲಿಗೆ ನಿಡುಘಟ್ಟದ ಆಚಾರಿ ಮನೆಯ ಮಗ ಕೆಂಪಾಚಾರಿ. ಮಂಟೇಸ್ವಾಮಿ ಅವನನ್ನು ಶಿಶುಮಗನಾಗಿ ಬೇಡುತ್ತಾರೆ, ಹೆತ್ತವರು ಒಪ್ಪುವುದಿಲ್ಲ. ಕಡೆಗೆ ಗುರುವಿನ ವಶವಾದ ಮಗ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋಗಬೇಕಾಗುತ್ತದೆ. ಅಲ್ಲಿಯ ಪಾಂಚಾಳರು ಅವನ ಕುಲಸ್ಥರೇ. ಕುಲುಮೆ ಉರಿಯುವ ಮನೆಯವರೇ ಕಬ್ಬಿಣವಿಲ್ಲವೆನ್ನುತ್ತಾರೆ, ಬಂದವನನ್ನು ಕಠಿಣ ಪರೀಕ್ಷೆಗೆ ಒಡ್ಡುತ್ತಾರೆ. ನಿಡುಘಟ್ಟ ಮದ್ದೂರು ತಾಲ್ಲೂಕಿನಲ್ಲಿದೆ. ಹಲಗೂರು ಮಳವಳ್ಳಿಯಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿದೆ. ಮಂಟೇಸ್ವಾಮಿಯವರ ಮಠವಿರುವ ಬೊಪ್ಪೇಗೌಡನಪುರವೂ ಮಳವಳ್ಳಿ ತಾಲ್ಲೂಕಿನದೇ. ಇಲ್ಲಿಯ ಕೇಳುಗನಿಗೆ ಇವು ಪುರಾಣದ ಪಟ್ಟಣಗಳಲ್ಲ, ನೆಂಟಸ್ತನ ಬೆಳೆಸುವ ಊರುಗಳು, ಬಸ್ಸಿನ ಬೋರ್ಡಿನ ಮೇಲಿನ ಹೆಸರುಗಳು.

ಕಥೆಯಲ್ಲಿ ಕರೆಯುವವರು ಗುರುಗಳು, ತಡೆಯುವವರು ಮನೆಯವರು. ಪದದಲ್ಲಾದರೋ ಕರೆಯುವವರು ಜನ. ಮನೆ ತೊರೆದವನನ್ನು, ಸ್ವಂತ ಕುಲವೇ ಬರಿಗೈಲಿ ಕಳಿಸಲೆಣಿಸಿದವನನ್ನು ಅವರು ಬಾಗಿಲಿಗೆ ಬರಮಾಡಿಕೊಳ್ಳುತ್ತಾರೆ, ಅದೂ ಬಹುವಚನದಲ್ಲಿ. ಆಚಾರಿ ಹುಡುಗನಿಗೆ ಸಂದ ಈ ಬಹುವಚನವನ್ನು ವಿದ್ವಾಂಸರು ಸಾಕಷ್ಟು ಗಮನಿಸಿದಂತಿಲ್ಲ. ಹಲಗೂರು ಇಲ್ಲವೆಂದದ್ದಕ್ಕೆ ಜನಸಮುದಾಯ ಕೊಡುತ್ತ ಬಂದ ಮರುತ್ತರವೆಂದೇ ಈ ಪದವನ್ನು ಓದಬಹುದೆಂದು ನನ್ನ ಭಾವನೆ. ಭಿಕ್ಷೆಗೆ ಬಂದವನಿಗೆ ಇಲ್ಲವೆಂದ ನೆನಪು ಯಾವ ಊರಿಗಿಲ್ಲ?

ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಧ್ವನಿಸುರುಳಿಗಳು ಈ ಸೀಮೆಯ ಕಥನಗಳನ್ನು ಮನೆಮನೆಗೆ ಒಯ್ದವು. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಕಾವ್ಯಪಠ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು, ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ಕಥೆಯನ್ನು ರಂಗಕ್ಕೆ ತಂದಿತು. ಆದ್ದರಿಂದ ಹೊಸ ಮಾಧ್ಯಮಗಳನ್ನು ಸಾರಾಸಗಟಾಗಿ ಹಳಿಯುವುದು ಉಚಿತವಲ್ಲ. ಆದರೆ ಕರೆಯನ್ನಷ್ಟೇ ಹಾಡಿ ಹಲಗೂರನ್ನು ಕೈಬಿಡುವ ವೇದಿಕೆಗಳಲ್ಲಿ ಪದ ಬರಿಯ ಸ್ತುತಿಯಾಗುತ್ತದೆ. ಮರುತ್ತರ ಉಳಿದು, ಅದು ಯಾವ ಮಾತಿಗೆ ಎಂಬುದು ಕಳೆದುಹೋಗುತ್ತದೆ. ಧಾಟಿ ಇನ್ನೂ ಕೆಲವು ಕಾಲ ಅದನ್ನು ನಡೆಸೀತು. ನೀಲಗಾರರ ಮೇಳದಲ್ಲಿ ಮಾತ್ರ ಅದಿನ್ನೂ ಕಥೆಯ ಹೆಬ್ಬಾಗಿಲು: ಹಿಮ್ಮೇಳದ ಸೊಲ್ಲು ತಗ್ಗುತ್ತದೆ, ತಂಬೂರಿಯ ಶ್ರುತಿ ಉಳಿಯುತ್ತದೆ, ಮುಖ್ಯ ಗಾಯಕ ನಿಡುಘಟ್ಟದ ಆಚಾರಿ ಮನೆಯ ಕಥೆಗೆ ತೊಡಗುತ್ತಾನೆ.