ಜನರಿಲ್ಲದ ಕಾಡಿನ ಶ್ರುತಿ

ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ಇರುಳಿಡೀ ಕೇಳಿದವರಿಗೆ ಗೊತ್ತು: ತಂಬೂರಿಯ ಶ್ರುತಿ ಬದಲಾಗುವುದಿಲ್ಲ, ಬೇಸರವೂ ಆಗುವುದಿಲ್ಲ. ಕುದೇರು, ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಬಹಳ ಜನರಿಗೆ ಈ ಕಿವಿ ಚಿಕ್ಕಂದಿನಲ್ಲೇ ಬಂದಿರುತ್ತದೆ. ಜರ್ಮನಿಯ ಕಲೋನ್ ನಗರದ ವೋಲ್ಫ್‌ಗಾಂಗ್ ಫೋಗ್ಟ್ ‘ಗ್ಯಾಸ್’ ಎಂಬ ಹೆಸರಿನಲ್ಲಿ ತಂದಿರುವ ಆಲ್ಬಮ್‌ಗಳನ್ನು ನಾನು ಕೇಳುವುದೂ ಇದೇ ಕಿವಿಯಿಂದ.

ಫೋಗ್ಟ್ 1990ರ ದಶಕದಲ್ಲಿ ‘ಸ್ಟುಡಿಯೋ 1’ ಹೆಸರಿನಲ್ಲಿ ಕುಣಿತದ ಸಂಗೀತ ಮಾಡುತ್ತಿದ್ದರು. ಆ ರೆಕಾರ್ಡುಗಳಿಗೆ ಬಣ್ಣಗಳದ್ದೇ ಹೆಸರು. ಒಳಗೂ ಅಷ್ಟೇ ಮಿತ: ಒಂದು ಬಡಿತ, ಅದರ ಮೇಲೆ ಒಂದೆರಡು ಸಣ್ಣ ಸದ್ದು. ‘ಗ್ಯಾಸ್’ನಲ್ಲಿ ಅದೇ ಬಡಿತ ಗೋಡೆಯಾಚೆಯಿಂದ ಬಂದಂತೆ ಮಂಕಾಗುತ್ತದೆ. ಮೇಲೆ ವಾಗ್ನರ್ ಮುಂತಾದವರ ವಾದ್ಯವೃಂದದ ಹಳೆಯ ಧ್ವನಿಮುದ್ರಣಗಳ ತುಣುಕುಗಳು ಮಂಜಿನಂತೆ ಹರಡಿ ಸುತ್ತುತ್ತಲೇ ಇರುತ್ತವೆ. 1998ರ ‘ಕ್ಯೋನಿಗ್ಸ್‌ಫೋರ್ಸ್ಟ್’ ಎಂಬುದು ಕಲೋನ್ ಪಕ್ಕದ ಕಾಡಿನ ಹೆಸರು. ಹಾಡುಗಳಿಗೆ ಬೇರೆ ಹೆಸರಿಲ್ಲ, ಬರಿಯ ಅಂಕಿ.

ಯಂತ್ರದ ಶ್ರುತಿಯೆಂದು ಮೂಗು ಮುರಿಯುವ ಹಕ್ಕು ನಮಗಿಲ್ಲ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರ ರ‍್ಯಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ವರ್ಷಗಳಿಂದ ಕಚೇರಿಗಳ ವೇದಿಕೆಯಲ್ಲಿದೆ. ಯಂತ್ರವೋ ತಂತಿಯೋ ಎಂಬುದಕ್ಕಿಂತ, ಶ್ರುತಿ ಯಾರಿಗಾಗಿ ಕಾಯುತ್ತಿದೆ ಎಂದು ಕೇಳಬೇಕು.

ನೀಲಗಾರರಲ್ಲಿ ಅದು ಸೊಲ್ಲಿಗೆ ಕಾಯುತ್ತದೆ. ಮುಂದಾಳು ಸೊಲ್ಲು ಮುಗಿಸಿದರೆ ಹಿಮ್ಮೇಳ ಎತ್ತಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅವನಿಗೆ ಉಸಿರು ಸಿಗುತ್ತದೆ, ಕೇಳುವವರಿಗೆ ಕತೆಯನ್ನು ಮನಸ್ಸಿನಲ್ಲಿ ಮಗುಚಿ ನೋಡಲು ಬಿಡುವು ಸಿಗುತ್ತದೆ. ಫೋಗ್ಟ್ ಸೊಲ್ಲನ್ನೇ ತೆಗೆದುಬಿಟ್ಟಿದ್ದಾರೆ. ಉಳಿದಿರುವುದು ಬಿಡುವು ಮಾತ್ರ, ತುಂಬಿಕೊಳ್ಳಬೇಕಾದವರು ನಾವು.

2000ದ ‘ಪಾಪ್’ನಲ್ಲಿ ಇದು ಪೂರ್ತಿ ಫಲಿಸಿದೆ. ಮೊದಲ ತುಣುಕುಗಳಲ್ಲಿ ಬಡಿತವೇ ಇಲ್ಲ, ನೀರು ಹರಿದಂತೆ ನಾದ ಮಾತ್ರ. ಕೊನೆಯ ದೀರ್ಘ ತುಣುಕಿನಲ್ಲಿ ಬಡಿತ ಕಾಲಿಟ್ಟಾಗ, ಇಷ್ಟು ಹೊತ್ತು ಯಾರೂ ಇಲ್ಲದ ಕಡೆ ಯಾರೋ ನಡೆದು ಬರುತ್ತಿದ್ದಾರೆ ಅನ್ನಿಸುತ್ತದೆ. ಒಂದೇ ಒಂದು ಡೋಲಿನ ಸದ್ದಿಗೆ ಇಷ್ಟು ಅರ್ಥ ಬರುವಂತೆ ಮಾಡುವುದು ದೊಡ್ಡ ಕೆಲಸ.

17 ವರ್ಷಗಳ ನಂತರ ‘ನಾರ್ಕೊಪಾಪ್’, 2018ರಲ್ಲಿ ‘ರೌಶ್’, 2021ರಲ್ಲಿ ‘ಡೇರ್ ಲಾಂಗೆ ಮಾರ್ಶ್’ ಬಂದವು. ಇವುಗಳಲ್ಲಿ ನಾದ ದಪ್ಪವಾಗಿದೆ, ಭವ್ಯವಾಗಿದೆ, ಆದರೆ ಕೇಳುವವನಿಗೆ ಕೂರಲು ಜಾಗವಿಲ್ಲ. ಕೊನೆಯದರ ಹೆಸರಿಗೆ ದೀರ್ಘ ನಡಿಗೆ ಎಂಬ ಅರ್ಥ. ನಾಜಿಗಳು ಮೆರೆಸಿದ ವಾಗ್ನರನ ನೆನಪಿರುವ ಈ ಸಂಗೀತದಲ್ಲಿ ಬಡಿತ ಕವಾಯತಿನಂತೆ ನಡೆಯತೊಡಗಿದರೆ ನನಗೆ ಕಸಿವಿಸಿಯಾಗುತ್ತದೆ. ಯಾರು ನಡೆಯುತ್ತಿದ್ದಾರೆ, ಯಾರನ್ನು ದಾಟಿಕೊಂಡು? ಸಂಗೀತ ಹೇಳುವುದಿಲ್ಲ.

ನಮ್ಮ ಕಡೆಯ ಕಾಡು ಹೀಗೆ ಸುಮ್ಮನಿರುವುದಿಲ್ಲ. ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ ಹೆಂಡತಿಯನ್ನು ಶಂಕಿಸಿ, ಹಿಂಸಿಸಿ ಕಾಡಿಗೆ ಹೊರಡುವ ನೀಲೇಗೌಡನಿದ್ದಾನೆ, ಹಿಂದೆ ಉಳಿದ ಸಂಕಮ್ಮನಿದ್ದಾಳೆ. ತಾಳ ಎಷ್ಟು ಸಲ ಮರಳಿದರೂ ಅವಳ ಸಂಕಟ ಮಂಜಾಗಿ ಕರಗುವುದಿಲ್ಲ, ಪ್ರತಿ ಸುತ್ತಿಗೂ ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗೆಂದು ‘ಪಾಪ್’ ನನಗೆ ಕಡಿಮೆಯಾಗುವುದಿಲ್ಲ. ಅದನ್ನು ನಿದ್ದೆ ಬರಿಸಲೆಂದು, ಕೆಲಸದ ಹಿನ್ನೆಲೆಗೆಂದು ಹಾಕಿಕೊಳ್ಳುವವರಿದ್ದಾರೆ. ನೀಲಗಾರರ ಹಾಡನ್ನೂ ಹಾಗೆ ಹಾಕಿಕೊಳ್ಳಬಹುದು, ಆದರೆ ಯಾವುದೋ ಗಳಿಗೆಯಲ್ಲಿ ಸೊಲ್ಲು ತಾನೇ ತಡೆದು ನಿಲ್ಲಿಸುತ್ತದೆ. ‘ಪಾಪ್’ನಲ್ಲಿ ತಡೆಯುವವರು ಯಾರೂ ಇಲ್ಲ. ಅದಕ್ಕೇ ಅದನ್ನು ಇನ್ನೂ ಎಚ್ಚರದಿಂದ, ಕೂತು ಕೇಳಬೇಕು.