ದುಡುಕಿದವರು ಯಾರು?

'ರೋಮಿಯೋ ಅಂಡ್ ಜೂಲಿಯೆಟ್' ನಾಟಕವನ್ನು ಕಾಲೇಜಿನಲ್ಲಿ ಓದಿದವರಿಗೆ ಒಂದು ಪ್ರಶ್ನೆ ಪರಿಚಯವೇ ಇರುತ್ತದೆ. ಈ ಪ್ರೇಮಿಗಳ ಸಾವಿಗೆ ವಿಧಿ ಕಾರಣವೋ, ಅವರ ದುಡುಕು ಕಾರಣವೋ, ಚರ್ಚಿಸಿ. ಗೈಡುಗಳಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ. ವಿಧಿಗೆ ಅರ್ಧ ಪುಟ, ದುಡುಕಿಗೆ ಅರ್ಧ ಪುಟ, ಕೊನೆಗೊಂದು ನೀತಿ: ಹುಡುಗರು ದುಡುಕಬಾರದು, ಹಿರಿಯರ ಮಾತು ಕೇಳಬೇಕು. ಈ ಉತ್ತರವನ್ನು ಒಪ್ಪುವ ಮೊದಲು ನಾಟಕವನ್ನೇ ಇನ್ನೊಂದು ಸಲ ಓದಿ ನೋಡೋಣ ಅಂತ ನಾವು ಹೊರಟಿದ್ದೇವೆ.

ಮೊದಲಿಗೇ ಹೇಳಿಬಿಡ್ತೀವಿ. ರೋಮಿಯೋ ದುಡುಕಿನವನಲ್ಲ ಅಂತ ವಾದಿಸೋದು ನಮ್ಮ ಉದ್ದೇಶ ಅಲ್ಲ. ಅವನು ದುಡುಕಿನವನೇ. ಭಾನುವಾರ ಬೆಳಿಗ್ಗೆ ರೋಸಲೈನ್ ಎಂಬ ಹುಡುಗಿಗಾಗಿ ನಿಟ್ಟುಸಿರು ಬಿಡುತ್ತಿದ್ದವನು ಅದೇ ರಾತ್ರಿ ಜೂಲಿಯೆಟ್‌ಗೆ ಮನಸೋಲುತ್ತಾನೆ. ಸೋಮವಾರ ಗುಟ್ಟಾಗಿ ಮದುವೆ. ಅವಳು ಸತ್ತಳೆಂಬ ಸುದ್ದಿ ಮಾಂಟುವಾ ಊರಿಗೆ ಬಂದಾಗ, ಸುದ್ದಿ ತಂದ ಆಳು ಬಾಲ್ತಸಾರನೇ ಸ್ವಲ್ಪ ತಾಳಿಕೊಳ್ಳಿ ಅಂತ ಬೇಡಿಕೊಳ್ತಾನೆ. ಪಾದ್ರಿಯಿಂದ ಕಾಗದ ಬಂದಿದೆಯಾ ಅಂತ ರೋಮಿಯೋ ಕೇಳ್ತಾನೆ. ಇಲ್ಲ ಅಂದಮೇಲೆ ಕಾಯೋದಿಲ್ಲ, ವಿಷ ಕೊಂಡು ಹೊರಡ್ತಾನೆ. ಸಮಾಧಿಯೊಳಗೆ ಜೂಲಿಯೆಟ್‌ಳ ತುಟಿ ಕೆನ್ನೆಗಳಲ್ಲಿ ಇನ್ನೂ ಕೆಂಪಿರುವುದು ಅವನ ಕಣ್ಣಿಗೇ ಬೀಳುತ್ತದೆ. ಆಗಲೂ ಒಂದು ಗಳಿಗೆ ನಿಂತು ಯೋಚಿಸುವುದಿಲ್ಲ. ಅವನು ವಿಷ ಕುಡಿದು ಸತ್ತ ಸ್ವಲ್ಪ ಹೊತ್ತಿಗೇ ಅವಳು ಏಳುತ್ತಾಳೆ. ಇದು ದುಡುಕಲ್ಲದೆ ಮತ್ತೇನು?

ಆದರೆ ನಾಟಕದಲ್ಲಿ ದುಡುಕಿದವನು ಅವನೊಬ್ಬನೇನಾ? ನಮ್ಮ ಪ್ರಶ್ನೆ ಇದು.

ಷೇಕ್ಸ್‌ಪಿಯರ್ 1595ರ ಸುಮಾರಿಗೆ ಈ ನಾಟಕ ಬರೆದಾಗ ಅವನ ಮುಂದಿದ್ದದ್ದು ಆರ್ಥರ್ ಬ್ರೂಕ್ ಎಂಬವನು 1562ರಲ್ಲಿ ಪ್ರಕಟಿಸಿದ್ದ ದೀರ್ಘ ಕಥನಕಾವ್ಯ. ಬ್ರೂಕ್ ತನ್ನ ಮುನ್ನುಡಿಯಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದಾನೆ. ಕೆಟ್ಟ ಆಸೆಗೆ ಬಿದ್ದು ತಂದೆತಾಯಿಗಳ ಮಾತು ಮೀರಿದವರಿಗೆ ಇದೇ ಗತಿ ಎಂಬುದು ಅವನ ಧೋರಣೆ. ಷೇಕ್ಸ್‌ಪಿಯರ್ ಏನು ಮಾಡಿದ? ಬ್ರೂಕನಲ್ಲಿ ತಿಂಗಳುಗಟ್ಟಲೆ ನಡೆಯುವ ಕತೆಯನ್ನು ನಾಲ್ಕೈದು ದಿನಕ್ಕೆ ಇಳಿಸಿದ. ಹದಿನಾರರ ಹತ್ತಿರದ ಹುಡುಗಿಯನ್ನು ಇನ್ನೂ 14 ತುಂಬದವಳನ್ನಾಗಿ ಮಾಡಿದ. ಅಂದರೆ ಅವಸರವನ್ನು ಬೇಕೆಂದೇ ಹೆಚ್ಚಿಸಿದ. ಆದರೆ ಮಕ್ಕಳನ್ನು ಬೈಯುವ ಆ ಮುನ್ನುಡಿಯನ್ನು ಕೈಬಿಟ್ಟ. ಅವನ ನಾಟಕದ ಆರಂಭದ ಪದ್ಯ ಎತ್ತಿ ಹೇಳುವುದು ಪ್ರೇಮಿಗಳ ದುರದೃಷ್ಟವನ್ನು ಮತ್ತು ಹೆತ್ತವರ ಹಗೆಯನ್ನು. ನಮ್ಮ ಗೈಡುಗಳು ಷೇಕ್ಸ್‌ಪಿಯರನ ಹೆಸರಿನಲ್ಲಿ ಬ್ರೂಕನ ಪಾಠ ಹೇಳ್ತಿವೆ.

ಈಗ ಜೂಲಿಯೆಟ್‌ಳ ಅಪ್ಪ ಕ್ಯಾಪುಲೆಟ್ಟನನ್ನು ನೋಡಿ. ಮೊದಲ ಅಂಕದಲ್ಲಿ ಪ್ಯಾರಿಸ್ ಎಂಬ ಶ್ರೀಮಂತ ಹೆಣ್ಣು ಕೇಳಿದಾಗ ಇವನು ಬಹಳ ವಿವೇಕಿ. ಮಗಳಿನ್ನೂ ಚಿಕ್ಕವಳು, ಎರಡು ವರ್ಷ ಕಳೆಯಲಿ, ಮೊದಲು ಅವಳ ಮನಸ್ಸು ಗೆಲ್ಲು ಅನ್ನುತ್ತಾನೆ. ಔತಣಕ್ಕೆ ರೋಮಿಯೋ ಬಂದಿದ್ದಾನೆಂದು ಹೆಂಡತಿಯ ಅಣ್ಣತಮ್ಮಂದಿರ ಕಡೆಯ ಹುಡುಗ ಟಿಬಾಲ್ಟ್ ಕೆರಳಿದಾಗ ಅವನನ್ನು ಗದರಿಸಿ ಸುಮ್ಮನಿರಿಸ್ತಾನೆ. ತಾಳ್ಮೆ ಅಂದರೇನು ಅಂತ ಈ ಮನುಷ್ಯನಿಗೆ ಗೊತ್ತು. ಇದೇ ಮನುಷ್ಯ ಸೋಮವಾರ ರಾತ್ರಿ, ಟಿಬಾಲ್ಟ್ ಸತ್ತ ದಿನವೇ, ಮಗಳನ್ನು ಒಂದು ಮಾತೂ ಕೇಳದೆ ಮದುವೆ ಗೊತ್ತು ಮಾಡ್ತಾನೆ. ಬುಧವಾರ ತೀರಾ ಹತ್ತಿರವಾಯ್ತು, ಗುರುವಾರ ಇರಲಿ ಅಂತ ದಿನವನ್ನೂ ಇಟ್ಟುಬಿಡ್ತಾನೆ. ಮರುದಿನ ಮಗಳು ಒಲ್ಲೆ ಅಂದರೆ, ದರದರ ಎಳೆದುಕೊಂಡು ಹೋಗ್ತೀನಿ, ಇಲ್ಲಾಂದ್ರೆ ಬೀದೀಲಿ ಭಿಕ್ಷೆ ಬೇಡಿ ಸಾಯಿ ಅಂತ ಶಪಿಸ್ತಾನೆ. ಅವಳು ತಪ್ಪಾಯ್ತು ಅಂತ ಮಂಡಿಯೂರಿದ ಕೂಡಲೇ ಹಿಗ್ಗಿಹೋಗಿ ಗುರುವಾರದ ಮದುವೆಯನ್ನು ಬುಧವಾರಕ್ಕೇ ಎಳೀತಾನೆ. ಕೋಪದಲ್ಲೂ ದುಡುಕು, ಸಂತೋಷದಲ್ಲೂ ದುಡುಕು.

ಜೂಲಿಯೆಟ್‌ಗೆ ಸತ್ತಂತೆ ಮಲಗಿಸುವ ಔಷಧಿ ಕೊಟ್ಟು, ರೋಮಿಯೋಗೆ ಕಾಗದ ಕಳಿಸಿ, ಇಬ್ಬರನ್ನೂ ಪಾರುಮಾಡಬೇಕೆಂದು ಪಾದ್ರಿ ಲಾರೆನ್ಸ್ ಹಾಕಿದ ಲೆಕ್ಕದಲ್ಲಿ ಒಂದಿಡೀ ದಿನ ಹೀಗೆ ಕಳೆದುಹೋಯಿತು. ಕಾಗದ ಒಯ್ಯಬೇಕಿದ್ದ ಇನ್ನೊಬ್ಬ ಪಾದ್ರಿಯನ್ನು ಪ್ಲೇಗಿನ ಅನುಮಾನದಿಂದ ಮನೆಯೊಳಗೆ ಕೂಡಿಹಾಕಿದರು. ಆ ತೊಡಕನ್ನು ಸರಿಪಡಿಸಲು ಬೇಕಾಗಿದ್ದದ್ದು ಅದೇ ಒಂದು ದಿನ. ಆದರೂ ಪ್ರಶ್ನೆಪತ್ರಿಕೆ ಕ್ಯಾಪುಲೆಟ್ಟನ ದುಡುಕನ್ನು ಕೇಳೋದಿಲ್ಲ. ಮಕ್ಕಳು ಮಾಡಿದರೆ ದುಡುಕು, ಯಜಮಾನ ಮಾಡಿದರೆ ತೀರ್ಮಾನ!

ರೋಮಿಯೋ ತಾಳ್ಮೆ ತೋರಿಸಿದ ಒಂದು ಗಳಿಗೆಯೂ ನಾಟಕದಲ್ಲಿದೆ. ಮದುವೆಯಾಗಿ ಇನ್ನೂ ಗಂಟೆ ಕಳೆದಿದೆ ಅಷ್ಟೆ. ನಡುಬೀದಿಯಲ್ಲಿ ಟಿಬಾಲ್ಟ್ ಅವನನ್ನು ನೀಚ ಅಂತ ಬೈದು ಕಾಲು ಕೆರೆದು ನಿಲ್ತಾನೆ. ರೋಮಿಯೋ ಕತ್ತಿ ಮುಟ್ಟುವುದಿಲ್ಲ, ಪ್ರೀತಿಯಿಂದಲೇ ಉತ್ತರ ಕೊಡ್ತಾನೆ. ಆಗ ಏನಾಯ್ತು? ಗೆಳೆಯ ಮರ್ಕ್ಯುಷಿಯೋಗೆ ಅದು ಮಾನಗೆಟ್ಟ ಶರಣಾಗತಿಯಾಗಿ ಕಾಣುತ್ತದೆ. ಅವನು ಕತ್ತಿ ಹಿರೀತಾನೆ. ಜಗಳ ಬಿಡಿಸಲು ರೋಮಿಯೋ ನಡುವೆ ನುಗ್ಗಿದರೆ, ಅವನ ತೋಳಿನ ಅಡಿಯಿಂದಲೇ ಟಿಬಾಲ್ಟ್ ಇರಿದುಬಿಡ್ತಾನೆ. ಗೆಳೆಯ ಸಾಯ್ತಾನೆ. ಆಗ ರೋಮಿಯೋಗೆ ಅನ್ನಿಸುವುದೇನು? ಈ ಹುಡುಗಿಯ ಚೆಲುವು ನನ್ನನ್ನು ಹೆಣ್ಣಿಗನನ್ನಾಗಿ ಮಾಡಿತು ಅಂತ. ಸ್ವಲ್ಪ ಹೊತ್ತಿನಲ್ಲೇ ಟಿಬಾಲ್ಟ್ ಹೆಣವಾಗ್ತಾನೆ.

ನಾಟಕದ ಗಂಟು ಇರುವುದು ಇಲ್ಲಿ. ಭಾನುವಾರ ರಾತ್ರಿಯ ಪ್ರೇಮದ ಅವಸರದಿಂದ ಯಾರ ರಕ್ತವೂ ಹರಿದಿರಲಿಲ್ಲ. ರಕ್ತ ಹರಿದದ್ದು ಮಾನದ ಅವಸರದಿಂದ. ಈ ದುಡುಕು ರೋಮಿಯೋನ ಹುಟ್ಟುಗುಣವಲ್ಲ, ಕಲಿಸಿದ ಗುಣ. ವೆರೋನಾದ ಬೀದಿ ತಾಳ್ಮೆಗೆ ಹೇಡಿತನ ಅಂತ ಹೆಸರಿಟ್ಟಿದೆ, ಕೊಲೆಗೆ ಗಂಡಸುತನ ಅಂತ.

ಕೆಲವರು ಇದನ್ನು ನಮ್ಮ ಜಾತಿ ಮೀರಿದ ಪ್ರೇಮದ ಕತೆಗಳ ಜೊತೆ ಸುಲಭವಾಗಿ ಸೇರಿಸಿಬಿಡ್ತಾರೆ. ನಾವು ಹಾಗೆ ಸೇರಿಸುವುದಿಲ್ಲ. ಈ ಎರಡೂ ಮನೆತನಗಳು ಒಂದೇ ಅಂತಸ್ತಿನವು. ಇಲ್ಲಿ ಮೇಲು ಕೀಳಿಲ್ಲ. ಹಗೆ ಯಾಕೆ ಹುಟ್ಟಿತು ಅಂತಲೂ ನಾಟಕದಲ್ಲಿ ಎಲ್ಲೂ ಹೇಳಿಲ್ಲ. ಕಾರಣವೇ ಇಲ್ಲದ ಹಗೆ ಬದುಕಿ ಉಳೀಬೇಕಾದರೆ ದುಡುಕೇ ಅದಕ್ಕೆ ಅನ್ನ. ಯಾರಾದರೊಬ್ಬರು ನಿಂತು ಯಾಕೆ ಅಂತ ಕೇಳಿದರೆ ಸಾಕು, ಅದು ಸತ್ತುಹೋಗ್ತದೆ. ಮೊದಲ ದೃಶ್ಯದಲ್ಲಿ ಜಗಳ ತೆಗೆಯುವ ಆಳುಗಳನ್ನು ನೋಡಿ. ಕೆಣಕುವ ಮೊದಲು, ಹೀಗಂದರೆ ಕಾನೂನು ನಮ್ಮ ಕಡೆಗಿರ್ತದಾ ಅಂತ ಒಬ್ಬ ಇನ್ನೊಬ್ಬನನ್ನು ಕೇಳ್ತಾನೆ. ಧಣಿಗಳ ಮಕ್ಕಳಿಗೆ ಈ ಲೆಕ್ಕ ಬೇಕಾಗಿಲ್ಲ. ಮನಸೋ ಇಚ್ಛೆ ದುಡುಕೋದಕ್ಕೂ ಒಂದು ಅಂತಸ್ತು ಬೇಕು.

ನಿಧಾನದ ಉಪದೇಶ ಮಾಡಿದವರ ಕತೆಯೇನು? ಓಡುವವನು ಎಡವುತ್ತಾನೆ ಅಂತ ಪಾದ್ರಿ ಲಾರೆನ್ಸ್ ಬುದ್ಧಿ ಹೇಳಿದ. ಎರಡು ಮನೆತನ ಒಂದಾಗಲಿ ಅಂತ ಅದೇ ದಿನ ಗುಟ್ಟಾಗಿ ಮದುವೆಯನ್ನೂ ಮಾಡಿಸಿದ. ಕೊನೆಗೆ ಸಮಾಧಿಯಲ್ಲಿ ಕಾವಲುಗಾರರ ಸದ್ದು ಕೇಳಿದ ಕೂಡಲೇ ಆ ಹುಡುಗಿಯನ್ನು ಹೆಣಗಳ ನಡುವೆ ಬಿಟ್ಟು ತಾನೇ ಓಡಿದ. ಅವಳು ಕಠಾರಿ ಎತ್ತಿಕೊಂಡದ್ದು ಆಮೇಲೆ. ವೆರೋನಾದ ಅರಸನ ಕೈಯಲ್ಲಿ ಅಧಿಕಾರವಿತ್ತು, ಸಮಯವೂ ಇತ್ತು. ಮೂರು ಸಲ ಬೀದಿಕಾಳಗ ಆಗುವವರೆಗೆ ಕಾದ. ಈ ಹಗೆಯನ್ನು ಕಂಡೂ ಕಾಣದಂತಿದ್ದೆ ಅಂತ ಹೆಣಗಳ ಮುಂದೆ ನಿಂತು ಅವನೇ ಒಪ್ಪಿಕೊಳ್ತಾನೆ. ದೊಡ್ಡವರು ಕಣ್ಣು ಮುಚ್ಚಿ ಕಳೆದ ವರ್ಷಗಳ ಲೆಕ್ಕವನ್ನು ಚಿಕ್ಕವರು ಐದು ದಿನದಲ್ಲಿ ತೀರಿಸಬೇಕಾಯ್ತು.

ಇನ್ನೊಬ್ಬನಿದ್ದಾನೆ, ಮಾಂಟುವಾದ ಔಷಧಿ ಅಂಗಡಿಯವನು. ಮೂಳೆ ಚಕ್ಕಳವಾದ ಬಡವ. ವಿಷ ಮಾರಿದರೆ ಅಲ್ಲಿ ಮರಣದಂಡನೆ. ರೋಮಿಯೋ 40 ಡಕೆಟ್ ಮುಂದಿಡ್ತಾನೆ. ಅವನು ಹಿಂಜರಿದೇ ಕೊಡ್ತಾನೆ. ಒಪ್ಪಿದ್ದು ಮನಸ್ಸಲ್ಲ, ಬಡತನ. ಇಡೀ ನಾಟಕದಲ್ಲಿ ಆವೇಶವಿಲ್ಲದೆ, ಗೊತ್ತಿದ್ದೂ ತಪ್ಪು ಮಾಡಿದವನು ಇವನು. ಬ್ರೂಕನ ಕಾವ್ಯದಲ್ಲಿ ಇವನನ್ನು ನೇಣಿಗೆ ಹಾಕ್ತಾರೆ, ಜೂಲಿಯೆಟ್‌ಳ ದಾದಿಯನ್ನು ಗಡಿಪಾರು ಮಾಡ್ತಾರೆ. ಷೇಕ್ಸ್‌ಪಿಯರ್ ಕೆಲವರಿಗೆ ಕ್ಷಮೆ, ಕೆಲವರಿಗೆ ಶಿಕ್ಷೆ ಅಂತ ಅರಸನ ಬಾಯಲ್ಲಿ ಹೇಳಿಸಿ ನಿಲ್ಲಿಸ್ತಾನೆ. ಯಾರಿಗೆ ಯಾವುದು ಅಂತ ಊಹಿಸೋದು ನಮ್ಮ ಓದುಗರಿಗೆ ಕಷ್ಟವಲ್ಲ. ಮನೆತನದ ಯಜಮಾನರಿಬ್ಬರೂ ಕೈ ಕುಲುಕಿ, ಸತ್ತ ಮಕ್ಕಳಿಗೆ ಚಿನ್ನದ ಪ್ರತಿಮೆ ಮಾಡಿಸ್ತೀವಿ ಅಂತಾರೆ. ಅಲ್ಲೂ ನೀನು ಹೆಚ್ಚೋ ನಾನು ಹೆಚ್ಚೋ!

ಕನ್ನಡಕ್ಕೆ ಈ ನಾಟಕ ಮೊದಲು ಬಂದ ಕಾಲದಲ್ಲಿ, 1889ರ 'ರಾಮವರ್ಮ ಲೀಲಾವತಿ'ಯಲ್ಲಿ, ಆನಂದರಾಯರು ವಿಷ್ಣುವಿನ ಕೃಪೆಯಿಂದ ಪ್ರೇಮಿಗಳನ್ನು ಬದುಕಿಸಿಬಿಟ್ಟರು. ಅಂದಿನ ಪ್ರೇಕ್ಷಕರಿಗೆ ನೆಮ್ಮದಿಯಾಗಿರಬಹುದು. ಆದರೆ ದೇವರೇ ಬಂದು ಸತ್ತವರನ್ನು ಎಬ್ಬಿಸುವುದಾದರೆ ಮನೆತನದವರು ಯಾಕೆ ಬದಲಾಗಬೇಕು? ಸತ್ತವರು ಏಳೋದಿಲ್ಲ ಅನ್ನೋದೇ ಷೇಕ್ಸ್‌ಪಿಯರನ ನಾಟಕದ ಸತ್ಯ.

ಪಾಠ ಹೇಳುವ ಗೆಳೆಯರಿಗೆ ನಮ್ಮದೊಂದು ಮಾತು. ಕಪ್ಪು ಹಲಗೆಯ ಮೇಲೆ ಭಾನುವಾರದಿಂದ ಗುರುವಾರದವರೆಗೆ ವಾರಗಳನ್ನು ಬರೆಯಿರಿ. ಯಾವ ದಿನ ಯಾರು ದುಡುಕಿದರು ಅಂತ ಒಂದು ಕಡೆ, ಅದಕ್ಕೆ ಯಾರು ಸತ್ತರು ಅಂತ ಇನ್ನೊಂದು ಕಡೆ ಮಕ್ಕಳಿಂದಲೇ ಬರೆಸಿ. ಎರಡು ಪಟ್ಟಿಯ ಹೆಸರುಗಳೂ ಒಂದೇ ಆಗಿರೋದಿಲ್ಲ. ಚರ್ಚೆ ಅಲ್ಲಿಂದ ಶುರುವಾಗಲಿ.