ಚಹಾಪಾತ್ರೆಯ ಮೇಲಿನ ಸ್ವಾಮಿ

ಬ್ರಿಟಿಷರ ಆಳ್ವಿಕೆಯ ಕಾಲದ ಭಾರತೀಯ ಬೆಳ್ಳಿ ಪಾತ್ರೆಗಳಲ್ಲಿ ಸಂಗ್ರಾಹಕರು ಮುಗಿಬೀಳುವ ಎರಡು ಬಗೆಗಳೆಂದರೆ ಮದರಾಸಿನ ‘ಸ್ವಾಮಿ’ ಕೆಲಸ ಮತ್ತು ಕಚ್ಛದ ಬಳ್ಳಿಕೆಲಸ. ಇವೆರಡರ ತಂತ್ರ ಮೂಲತಃ ಒಂದೇ: ರಾಳಕ್ಕೆ ಇಟ್ಟಿಗೆಪುಡಿ, ಎಣ್ಣೆ ಬೆರೆಸಿದ ಮೆತ್ತನೆಯ ಹಾಸಿನ ಮೇಲೆ ಬೆಳ್ಳಿಯ ತಗಡನ್ನಿಟ್ಟು, ಹಿಂಬದಿಯಿಂದ ತಟ್ಟಿ ಆಕೃತಿಯನ್ನು ಉಬ್ಬಿಸಿ, ಬಳಿಕ ಮುಂಬದಿಯಿಂದ ಸಣ್ಣ ಚಾಣಗಳಲ್ಲಿ ಗೆರೆಗಳನ್ನು ತಿದ್ದುವುದು. ಆದರೆ ಅಲಂಕಾರಕ್ಕೂ ಪಾತ್ರೆಗೂ ಇರುವ ಸಂಬಂಧವನ್ನು ಎರಡೂ ಕಡೆಯ ಅಕ್ಕಸಾಲಿಗರು ಒಂದೇ ರೀತಿ ಗ್ರಹಿಸಿರಲಿಲ್ಲ.

ಸ್ವಾಮಿ ಕೆಲಸದಲ್ಲಿ ದೇವಾಲಯದ ಗೋಡೆಯ ಗೂಡುಗಳಂತಹ ಕಮಾನುಗಳು ಪಾತ್ರೆಯ ಸುತ್ತ ಸಾಲುಗಟ್ಟಿದ್ದು, ಒಂದೊಂದರಲ್ಲೂ ಒಬ್ಬ ದೇವತೆ ತನ್ನ ವಾಹನದೊಡನೆ ನಿಂತಿರುತ್ತಾನೆ. ಮದರಾಸಿನ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್ ಎಂಬ ಸಂಸ್ಥೆ ಈ ಮಾದರಿಯನ್ನು ಪ್ರಸಿದ್ಧಿಗೆ ತಂದಿತು. 1875–76ರಲ್ಲಿ ಭಾರತ ಪ್ರವಾಸ ಮಾಡಿದ ವೇಲ್ಸ್ ರಾಜಕುಮಾರನಿಗೆ ಸಂದ ಕಾಣಿಕೆಗಳಲ್ಲಿಯೂ ಇಂತಹ ಚಹಾ ಸೆಟ್ಟಿತ್ತು. ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಗುಡಿಯಲ್ಲಿ ದಿಕ್ಕು, ಪ್ರದಕ್ಷಿಣೆಗಳಿಗೆ ಅನುಗುಣವಾಗಿ ಸ್ಥಾನ ಪಡೆದ ಮೂರ್ತಿ ಇಲ್ಲಿ ಹಿಡಿಕೆಗೂ ಸೊಂಡಿಗೂ ನಡುವೆ ಉಳಿದ ಜಾಗದಲ್ಲಿ ಇಕ್ಕಟ್ಟಿನಿಂದ ನಿಲ್ಲುತ್ತದೆ, ಕಣ್ಣಿಗೆ ಬಿಡುವಾಗಬಲ್ಲ ಒಂದು ಬೋಳು ಮೂಲೆಯೂ ಉಳಿಯುವುದಿಲ್ಲ. ಮಡಿ, ಎಂಜಲುಗಳ ಲೆಕ್ಕವಿರುವ ಯಾವ ಮನೆಯೂ ಊಟದ ಮೇಜಿನ ಹಾಲಿನ ಜಗ್ಗಿನ ಮೇಲೆ ವಿಷ್ಣುವನ್ನು ಕೂರಿಸುತ್ತಿರಲಿಲ್ಲ. ಕೊಳ್ಳುವವನು ಯಾರೆಂಬುದನ್ನು ಪಾತ್ರೆಯೇ ಹೇಳುತ್ತದೆ.

ಕಚ್ಛದ ಬೆಳ್ಳಿಯೂ ಬಹುಪಾಲು ವಿದೇಶೀಯರ ಮೇಜಿಗೇ ಹೋಯಿತು, ಆದರೂ ಅದರ ಗುಣ ಬೇರೆ. ಭುಜ್ ನಗರದ ಉಮರ್ಸಿ ಮಾವಜಿಯ ಕಾರ್ಯಾಗಾರದಿಂದ ಬಂದ, ‘ಓ.ಎಂ.’ ಮುದ್ರೆ ಹೊತ್ತ ಪಾತ್ರೆಗಳಲ್ಲಿ ಬಳ್ಳಿಯು ತಳದಿಂದ ಹೊರಟು, ಹೊಟ್ಟೆ ಉಬ್ಬಿದಲ್ಲಿ ಅಗಲವಾಗಿ ಸುರುಳಿ ಬಿಚ್ಚಿ, ಕಂಠದಲ್ಲಿ ಕಿರಿದಾಗುತ್ತದೆ. ನಡುವೆ ಸುಳಿಯುವ ಪ್ರಾಣಿಗಳು ಎಲೆಗಳ ಓಟಕ್ಕೆ ಅಡ್ಡಬರುವುದಿಲ್ಲ. 1000 ಭಾಗಕ್ಕೆ 925 ಭಾಗ ಬೆಳ್ಳಿಯಿರುವ ಸ್ಟರ್ಲಿಂಗ್ ಮಿಶ್ರಲೋಹಕ್ಕಿಂತ ಕಚ್ಛದ ಲೋಹ ಸಾಮಾನ್ಯವಾಗಿ ಹೆಚ್ಚು ಶುದ್ಧವಾಗಿದ್ದುದರಿಂದ, ಮೃದುವಾಗಿ ಆಳವಾದ ಉಬ್ಬಿಗೆ ಒದಗಿತು. ಕೆಲವೊಮ್ಮೆ ಈ ಹೆಣಿಗೆಯೂ ಯಂತ್ರದಷ್ಟೇ ಸಮವಾಗಿ ಬೇಸರ ತರಿಸುತ್ತದೆಂಬುದು ನಿಜ, ಆದರೆ ಪಾತ್ರೆಯ ಆಕಾರವನ್ನು ಅದು ಎಂದೂ ಮರೆಮಾಡುವುದಿಲ್ಲ.

ಇವುಗಳ ಪಕ್ಕದಲ್ಲಿ ಪಂಚಪಾತ್ರೆ, ಉದ್ಧರಣೆ, ಕುಂಕುಮದ ಬಟ್ಟಲು, ಪನ್ನೀರುದಾನಿಯಂತಹ ಮನೆಬಳಕೆಯ ಬೆಳ್ಳಿಯನ್ನಿಟ್ಟು ನೋಡಬೇಕು. ದಿನವೂ ತಿಕ್ಕಿ ತೊಳೆಯಬೇಕಾದ ಪಂಚಪಾತ್ರೆಯ ಮೈಯನ್ನು ನುಣುಪಾಗಿ ಬಿಟ್ಟು, ಅಂಚಿಗೊಂದು ಎಳೆ ಕೊಟ್ಟು ಸುಮ್ಮನಾದ ಅಕ್ಕಸಾಲಿಗನ ವಿವೇಕ ಸ್ವಾಮಿ ಕೆಲಸದಲ್ಲಿ ಕಾಣದು. ಆದರೆ ಇಂತಹ ಮನೆಬಳಕೆಯ ಪಾತ್ರೆಗಳು ಮದುವೆ, ಸಾಲ, ಪಾಲುಗಳ ಸಂದರ್ಭದಲ್ಲಿ ಕರಗಿಹೋದವು, ಹಡಗು ಹತ್ತಿದ ಪಾತ್ರೆಗಳು ಉಳಿದವು. ಹೀಗಾಗಿ ಹಳೆಯ ಭಾರತೀಯ ಬೆಳ್ಳಿ ಎಂದೊಡನೆ ಇಂದು ಕಣ್ಣಿಗೆ ಬರುವುದು ರಫ್ತಿನ ರುಚಿಯೇ. ಹಳೆಯ ಬೆಳ್ಳಿಯನ್ನು ಅಂಗಡಿಗೆ ಒಯ್ಯುವವರು ತಕ್ಕಡಿಗೆ ಹಾಕಿಸುವ ಮುನ್ನ ಅದರ ಅಂಚು, ಬೆಸುಗೆ, ತಳದ ಗುರುತುಗಳ ಚಿತ್ರವನ್ನಾದರೂ ತೆಗೆದಿಡಲಿ.